ಇನ್ನೊಂದು ಕಾಲು ಸುತ್ತು

ಊರಿಗೆ ಹೋದಾಗಲೆಲ್ಲ ಯಾರಾದರೂ ‘ಯಾವುದರ ಮೇಲೆ ಪಿಎಚ್.ಡಿ. ಮಾಡ್ತಿದ್ದೀಯ’ ಎಂದು ಕೇಳುತ್ತಾರೆ. ‘ನೀತಿಶಾಸ್ತ್ರ’ ಎಂದರೆ ಒಂದು ಕ್ಷಣ ಸುಮ್ಮನಿದ್ದು, ‘ಅದರಲ್ಲಿ ಹೊಸದಾಗಿ ಕಂಡುಹಿಡಿಯೋಕೆ ಏನಿದೆ? ಸುಳ್ಳು ಹೇಳಬಾರದು, ಕದೀಬಾರದು, ಅಷ್ಟೇ ಅಲ್ವಾ’ ಎನ್ನುತ್ತಾರೆ. ಅವರು ಹೇಳುವುದು ಬಹುಮಟ್ಟಿಗೆ ಸರಿ. ನಾನು ನಾಲ್ಕೈದು ವರ್ಷದಿಂದ ಕೂತು ಓದುತ್ತಿರುವುದು ಆ ‘ಅಷ್ಟೇ’ ಎಂಬುದರ ಬಗ್ಗೆ. ಯಾರಿಗೂ ಕಾಣದ ತಪ್ಪಿಗೆ ಹೊಣೆ ಎಂಥದು ಎನ್ನುವುದು ನನ್ನ ಪ್ರಬಂಧದ ವಿಷಯ. ವಿಶ್ವವಿದ್ಯಾಲಯಕ್ಕೆ ಕೊಟ್ಟ ಸಾರಾಂಶದಲ್ಲಿ ಪ್ಲೇಟೋ ಇದ್ದಾನೆ, ಕಾಂಟ್ ಇದ್ದಾನೆ. ಒಂದು ಹಳೆಯ ಓಮ್ನಿ ವ್ಯಾನ್ ಇರಬೇಕಿತ್ತು, ಇಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಅಪ್ಪನ ಗ್ಯಾರೇಜು ಹುಣಸೂರಿನಲ್ಲಿ, ಮಡಿಕೇರಿ ರಸ್ತೆಗೆ ತಾಗಿಕೊಂಡಂತೆ ಇದೆ. ನಾನು ಹುಟ್ಟುವ ಮೊದಲಿನಿಂದಲೂ ಇದೆ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದೆ. ಸ್ಪ್ಯಾನರಿನ ನಂಬರುಗಳಿಂದಲೇ ನಾನು ಎಣಿಕೆ ಕಲಿತದ್ದು ಎಂದು ಅಮ್ಮ ಹೇಳುತ್ತಾಳೆ. ಇದು ಸ್ವಲ್ಪ ಉತ್ಪ್ರೇಕ್ಷೆ. 12, 13, 14, 17, 19 ಎಂದು ಎಣಿಸುವ ಮಗುವನ್ನು ಯಾವ ಮೇಡಂ ತಾನೇ ಪಾಸು ಮಾಡುತ್ತಾರೆ?

2021ರ ಅಕ್ಟೋಬರ್ ತಿಂಗಳು. ಕೋವಿಡ್‌ನಿಂದ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿದ್ದ ಚಿಕ್ಕ ಮಕ್ಕಳ ಶಾಲೆಗಳು, ಅಂದರೆ ಒಂದರಿಂದ ಐದನೇ ತರಗತಿಯವರೆಗಿನವು, 25ನೇ ತಾರೀಕು ಸೋಮವಾರ ತೆರೆಯುತ್ತವೆ ಎಂದು ಸರ್ಕಾರ ಹೇಳಿತ್ತು. ಸ್ಕೂಲ್ ವ್ಯಾನ್ ಓಡಿಸುವವರೆಲ್ಲ ಒಮ್ಮೆಲೇ ಗ್ಯಾರೇಜಿಗೆ ಬಂದರು. ಮರದ ಕೆಳಗೆ, ಗೋಡೆಯ ಮಗ್ಗುಲಲ್ಲಿ ಎರಡು ಮಳೆಗಾಲ ನೆನೆದ ಗಾಡಿಗಳು. ಬ್ಯಾಟರಿ ಸತ್ತಿತ್ತು, ಬ್ರೇಕು ಹಿಡಿದುಕೊಂಡಿತ್ತು, ಸೀಟಿನಡಿಯಲ್ಲಿ ಇಲಿ ಮರಿ ಹಾಕಿತ್ತು. ಆಗಷ್ಟೇ ಪಿಎಚ್.ಡಿ.ಗೆ ಸೇರಿದ್ದೆ. ಕೋರ್ಸ್‌ವರ್ಕ್ ತರಗತಿಗಳು ಆನ್‌ಲೈನ್‌ನಲ್ಲಿ ನಡೆಯುತ್ತಿದ್ದವು, ಹಾಗಾಗಿ ನಾನು ಮನೆಯಲ್ಲೇ ಇದ್ದೆ. ಗ್ಯಾರೇಜಿನಲ್ಲಿದ್ದ ಹುಡುಗ ಮೊದಲನೇ ಲಾಕ್‌ಡೌನ್‌ನಲ್ಲಿ ಊರಿಗೆ ಹೋದವನು ವಾಪಸು ಬಂದಿರಲಿಲ್ಲ. ಅಪ್ಪನಿಗೆ ಸೊಂಟ ಹಿಡಿದಿತ್ತು. ಗಾಡಿಯ ಕೆಳಗೆ ಮಲಗುವ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದವು.

ಆ ಓಮ್ನಿಯವರು ಭಾನುವಾರ ಮಧ್ಯಾಹ್ನ ಬಂದರು. ಅವರನ್ನು ನಾವೆಲ್ಲ ವ್ಯಾನಿನಣ್ಣ ಎಂದೇ ಕರೆಯುವುದು. ಒಂದೂವರೆ ವರ್ಷ ಕೂಲಿ ಮಾಡಿ, ಹೆಂಡತಿಯ ಓಲೆ ಅಡ ಇಟ್ಟು, ಗಾಡಿಯ ಇನ್ಶೂರೆನ್ಸ್ ಕಟ್ಟಿದ್ದರು. ಬೆಳಿಗ್ಗೆ ಏಳೂವರೆಗೆ ಮಕ್ಕಳನ್ನು ಹತ್ತಿಸಿಕೊಳ್ಳಬೇಕು. ಸ್ಟಾರ್ಟ್ ಮಾಡಿದರೆ ಪಟಪಟ ಸದ್ದು, ಒಳಗೆಲ್ಲ ಹೊಗೆಯ ವಾಸನೆ. ಅಪ್ಪ ಮುಂದಿನ ಸೀಟು ಎತ್ತಿ, ಕಿವಿ ಕೊಟ್ಟು, ‘ಮ್ಯಾನಿಫೋಲ್ಡ್ ಪ್ಯಾಕಿಂಗ್ ಓಗೈತೆ’ ಎಂದರು.

ಓದುವವರಲ್ಲಿ ಹೆಚ್ಚಿನವರು ಮ್ಯಾನಿಫೋಲ್ಡ್ ನೋಡಿರಲಾರಿರಿ. ಎಂಜಿನ್ನಿನ ಒಂದೊಂದು ಸಿಲಿಂಡರಿನಿಂದ ಬರುವ ಸುಟ್ಟ ಗಾಳಿಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಕಳಿಸುವ ಬೀಡುಕಬ್ಬಿಣದ ಕವಲು ಅದು. ಅಂಗೈಯ ಬುಡಕ್ಕೆ ಬೆರಳುಗಳು ಕೂಡುವ ಹಾಗೆ. ಅದು ಕೂರುವ ಎಂಜಿನ್ ಹೆಡ್ ಮಾತ್ರ ಅಲ್ಯೂಮಿನಿಯಮ್‌ನದು. ಇವೆರಡರ ನಡುವೆ ಒಂದು ತೆಳು ಪ್ಯಾಕಿಂಗ್. ಎರಡನ್ನೂ ಹಿಡಿದಿಡುವವು ಕಿರುಬೆರಳಿಗಿಂತ ಸಣ್ಣ ಕೆಲವು ಸ್ಟಡ್ಡುಗಳು, ಅವಕ್ಕೆ ನಟ್ಟುಗಳು. ಅವುಗಳ ಪಾಡು ಕಷ್ಟದ್ದು. ಗಾಡಿ ಓಡುವಾಗ ಒಳಗೆ ಹಾಯುವ ಗಾಳಿಯ ಬಿಸಿ 600, 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಂದೇ ಬಿಸಿಗೆ ಅಲ್ಯೂಮಿನಿಯಮ್ ಬೀಡುಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದರೆ ಹೆಡ್ಡಿಗೆ ಕೂಲೆಂಟ್ ನೀರಿನ ತಂಪಿದೆ, ಮ್ಯಾನಿಫೋಲ್ಡ್ ಅದಕ್ಕಿಂತ ಎಷ್ಟೋ ಪಟ್ಟು ಕಾಯುತ್ತದೆ. ಹೀಗೆ ಎರಡೂ ಬೇರೆಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗಿ ಒಂದರ ಮೇಲೊಂದು ಜರುಗುತ್ತಲೇ ಇರುತ್ತವೆ. ಅದಕ್ಕೇ ಎಷ್ಟೋ ಮ್ಯಾನಿಫೋಲ್ಡುಗಳಲ್ಲಿ ಎರಡು ತುದಿಯ ತೂತುಗಳನ್ನು ಬೇಕೆಂದೇ ಸ್ವಲ್ಪ ದೊಡ್ಡದಾಗಿ ಬಿಟ್ಟಿರುತ್ತಾರೆ. ಜರುಗಲು ಜಾಗ ಇಲ್ಲದಿದ್ದರೆ ಸ್ಟಡ್ಡು ತುಂಡಾಗುತ್ತದೆ, ಇಲ್ಲವೇ ಕವಲೇ ಸೀಳುತ್ತದೆ.

ಬಿಚ್ಚುವಾಗಲೇ ಎರಡು ಸ್ಟಡ್ಡು ತುಂಡಾದವು. ತುಕ್ಕು ತಿಂದು ನಟ್ಟೂ ಸ್ಟಡ್ಡೂ ಒಂದೇ ಆಗಿಬಿಟ್ಟಿದ್ದವು. ಅಪ್ಪ ಲೇತ್ ಅಂಗಡಿಯವರನ್ನು ಕರೆಸಿ, ಮುರಿದ ತುಂಡಿನ ತಲೆಗೆ ನಟ್ಟು ಬೆಸುಗೆ ಹಾಕಿಸಿ, ಆ ಬಿಸಿಯಲ್ಲೇ ನಿಧಾನಕ್ಕೆ ತಿರುಗಿಸಿ ತೆಗೆಸಿದರು. ತುದಿಯ ಇನ್ನೊಂದು ಸ್ಟಡ್ಡು ನಟ್ಟಿನ ಜೊತೆಗೇ ಹೆಡ್ಡಿನಿಂದ ಕಳಚಿ ಬಂತು. ಅಪ್ಪ ಅದರ ತೂತಿಗೆ ಟಾರ್ಚ್ ಬಿಟ್ಟು ನೋಡಿ, ‘ಮರೆ ಸವ್ದದೆ. ಇಡೀಬೋದು. ಇದ್ಕೆ ಮಾತ್ರ ಉಸಾರು ಕಣವ್ವ’ ಎಂದರು.

ಆಮೇಲೆ ನನ್ನ ಸರದಿ. ಹಳೆಯ ಪ್ಯಾಕಿಂಗಿನ ಕರಕಲನ್ನು ಕೆರೆದು, ಉಜ್ಜುಕಾಗದ ಹಾಕಿ, ಉಕ್ಕಿನ ಪಟ್ಟಿ ಅಡ್ಡ ಇಟ್ಟು ಮ್ಯಾನಿಫೋಲ್ಡಿನ ಮೈ ಸಮ ಇದೆಯೇ ಎಂದು ನೋಡಿದೆ. ಹೊಸ ಪ್ಯಾಕಿಂಗ್ ಕೂರಿಸಿದೆ. ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು.

‘ಮೊದ್ಲು ಎಲ್ಲಾನೂ ಬೆಟ್ಟಲ್ಲೇ ತಿರುಗ್ಸು. ಸ್ಪ್ಯಾನರ್ ಮುಟ್ಬೇಡ. ಬೆಟ್ಟಲ್ಲಿ ಓಗ್ದೇ ಇದ್ದದ್ದು ಅಡ್ಡ ಕೂತದೆ ಅಂತ ಲೆಕ್ಕ, ಬಿಚ್ಚಿ ಇನ್ನೊಂದ್ಸಲ ಆಕು.’

‘ಈಗ ನಡುಮಧ್ಯದ್ದು. ಒಂಚೂರು. ಆಮೇಲೆ ಅದರ ಆಚೆದು, ಈಚೆದು. ಕೊನೇಗೆ ತುದಿ. ಒಂದೇ ಸಲಕ್ಕೆ ಪೂರ್ತಿ ಬಿಗೀಬೇಡ. ಮೂರ್ ಸುತ್ತು ಬಾ.’

ನಡುವಿನಿಂದ ತುದಿಗೆ ಹೋಗುವುದಕ್ಕೆ ಕಾರಣವಿದೆ. ತುದಿಗಳನ್ನು ಮೊದಲು ಬಿಗಿದರೆ ನಡುವೆ ಕಮಾನಿನಂತೆ ಎದ್ದು ನಿಲ್ಲುತ್ತದೆ. ಆಮೇಲೆ ಎಷ್ಟು ಬಿಗಿದರೂ ಪ್ಯಾಕಿಂಗ್ ಸಮನಾಗಿ ಒತ್ತುವುದಿಲ್ಲ. ಹಾಸಿಗೆಯ ಮೇಲೆ ದುಪ್ಪಟಿ ಹಾಸುವಾಗ ನಡುವಿನಿಂದ ಅಂಚಿಗೆ ಸವರಿಕೊಂಡು ಹೋಗುವುದಿಲ್ಲವೇ, ಹಾಗೆ.

ಎಷ್ಟು ಬಿಗಿಯಬೇಕು? ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಇರುತ್ತದೆ. ಈ ಗಾತ್ರದ ನಟ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ಒಂದು ಗೇಣುದ್ದದ ಸ್ಪ್ಯಾನರಿನ ತುದಿಗೆ ಹತ್ತು ಕಿಲೋ ತೂಕ ನೇತು ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನಮ್ಮಲ್ಲಿದ್ದ ಒಂದೇ ಟಾರ್ಕ್ ರೆಂಚ್ ಹೆಡ್ ಬೋಲ್ಟುಗಳಿಗೆಂದು ಇದ್ದದ್ದು, ಮೊಳದುದ್ದದ್ದು, ಆ ಸಂದಿಗೆ ಹೋಗುತ್ತಿರಲಿಲ್ಲ. ಕೈಯ ಅಂದಾಜೇ ಗತಿ. ಆ ಸಂಖ್ಯೆಯೂ ಪೂರ್ತಿ ನಂಬುವಂಥದ್ದಲ್ಲ ಎಂದು ಆಮೇಲೆ ಓದಿ ತಿಳಿದೆ. ನಾವು ಹಾಕುವ ತಿರುಚುಬಲದಲ್ಲಿ ಸುಮಾರು ಹತ್ತನೇ ಒಂಬತ್ತು ಭಾಗ ಬರೀ ಉಜ್ಜಾಟಕ್ಕೆ ಹೋಗುತ್ತದೆ. ನಟ್ಟಿನ ಅಡಿಗೆ ಒಂದಷ್ಟು, ಮರೆಗಳ ನಡುವೆ ಒಂದಷ್ಟು. ಉಳಿದ ಹತ್ತನೇ ಒಂದು ಮಾತ್ರ ಸ್ಟಡ್ಡನ್ನು ಎಳೆದು ಹಿಡಿಯುತ್ತದೆ. ಹೌದು, ಸ್ಟಡ್ಡು ಎಳೆಯಲ್ಪಡುತ್ತದೆ. ಬಿಗಿಯುವುದೆಂದರೆ ಅದನ್ನು ಕೂದಲೆಳೆಯಷ್ಟು ಉದ್ದ ಮಾಡುವುದು. ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತಿರುವುದರಿಂದಲೇ ಮ್ಯಾನಿಫೋಲ್ಡು ಹೆಡ್ಡಿಗೆ ಒತ್ತಿ ಕೂರುವುದು. ಒಣ ಮರೆಗೆ ಹೇಳಿದ ಸಂಖ್ಯೆಯನ್ನು ಎಣ್ಣೆ ಸವರಿದ ಮರೆಗೆ ಹಾಕಿದರೆ ಉಜ್ಜಾಟ ಕಡಿಮೆಯಾಗಿ, ಅದೇ ಸಂಖ್ಯೆಗೆ ಸ್ಟಡ್ಡು ಅಳತೆ ಮೀರಿ ಹಿಗ್ಗಬಹುದು.

ಆ ವಾರ ತರಗತಿಗೆಂದು ಅರಿಸ್ಟಾಟಲ್ ಓದುತ್ತಿದ್ದೆ. ಅತಿ ಮತ್ತು ಕೊರತೆಯ ನಡುವಿನ ಮಧ್ಯಮವೇ ಸದ್ಗುಣ ಎಂಬ ಅವನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಅನ್ನಿಸಿ, ಗಾಡಿಯ ಕೆಳಗೆ ಮಲಗಿಕೊಂಡೇ ಹಿಗ್ಗಿದ್ದೆ. ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ಮುರಿಯುತ್ತದೆ, ನಡುವೆ ಇದೆ ಸತ್ಯ! ಈಗ ಆ ಹಿಗ್ಗು ಉಳಿದಿಲ್ಲ. ಎಂಜಿನಿಯರುಗಳ ಲೆಕ್ಕದಲ್ಲಿ ಬೋಲ್ಟಿನ ಸರಿಯಾದ ಬಿಗಿ ಸಡಿಲಕ್ಕೂ ಮುರಿತಕ್ಕೂ ನಟ್ಟನಡುವೆ ಇಲ್ಲ. ಅದು ತಾಳಬಲ್ಲ ಭಾರದ ಮುಕ್ಕಾಲು ಪಾಲಿನ ಹತ್ತಿರ ಇದೆ. ಸರಿಯಾದ ಜಾಗ ಸಡಿಲಕ್ಕಿಂತ ಅಪಾಯಕ್ಕೇ ಹೆಚ್ಚು ಹತ್ತಿರ. ಅರಿಸ್ಟಾಟಲ್ಲನೂ ಲೆಕ್ಕದ ನಡುವನ್ನು ಹೇಳಿರಲಿಲ್ಲ. ಜಟ್ಟಿ ಮೈಲೋನಿಗೆ ಸಾಲದ ಊಟ ಆಗತಾನೇ ಗರಡಿಗೆ ಬಂದವನಿಗೆ ಹೆಚ್ಚಾಗುತ್ತದೆ ಎಂದು ಅವನೇ ಬರೆದಿದ್ದಾನೆ. ನಾನು ಅದನ್ನು ಅಡಿಗೆರೆ ಹಾಕಿಕೊಂಡು ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಮಣಿಕಟ್ಟಿಗೆ ಇಳಿದಿರಲಿಲ್ಲ.

ಮೂರನೇ ಸುತ್ತಿನ ಕೊನೆಗೆ ಆ ತುದಿಯ ಸ್ಟಡ್ಡು ಉಳಿದಿತ್ತು. ಬಿಗಿದೆ. ಸಾಕು ಅನ್ನಿಸಿತು. ಕೈಗೆ ಅದು ಗೊತ್ತಾಗುತ್ತದೆ. ತಿರುಗಿಸಿದಷ್ಟೂ ಎದುರೊತ್ತು ಏರುತ್ತಾ ಬಂದು ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ನಿಂತಿತ್ತು. ಆದರೆ ಇದು ಮಕ್ಕಳು ಕೂರುವ ಗಾಡಿ, ಇರಲಿ ಎಂದು ಇನ್ನೊಂದು ಕಾಲು ಸುತ್ತು ಹಾಕಿದೆ.

ಎದುರೊತ್ತು ಇಳಿಯಿತು. ಸದ್ದೇನೂ ಆಗಲಿಲ್ಲ. ಬೆಣ್ಣೆಯೊಳಗೆ ಚಮಚ ತಿರುಗಿದ ಹಾಗೆ ಒಂದಿಷ್ಟು ನುಣ್ಣಗೆ ಜಾರಿತು, ಅಷ್ಟೇ. ಗ್ಯಾರೇಜಿನಲ್ಲಿ ಬೆಳೆದ ಯಾರಿಗೂ ಅದರ ಅರ್ಥ ಗೊತ್ತು. ಅಲ್ಯೂಮಿನಿಯಮ್‌ನ ಮರೆ ಕಿತ್ತಿತ್ತು. ನಟ್ಟು ಅದರ ಜಾಗದಲ್ಲೇ ಇತ್ತು, ನೋಡಿದರೆ ಉಳಿದವುಗಳ ಹಾಗೇ ಕಾಣುತ್ತಿತ್ತು. ಅದು ಈಗ ಏನನ್ನೂ ಹಿಡಿದಿರಲಿಲ್ಲ.

‘ಆಯ್ತಾ ಮಗ?’ ಎಂದರು ಅಪ್ಪ.

ರಾತ್ರಿ ಎಂಟೂವರೆ ಆಗಿತ್ತು. ವ್ಯಾನಿನಣ್ಣ ಬಾಗಿಲ ಹತ್ತಿರ ನಿಂತು ಯಾರದೋ ಜೊತೆ ಫೋನಿನಲ್ಲಿ ‘ನಾಳೆ ಏಳೂವರೆಗೆ ರೆಡಿ ಮಾಡ್ಬಿಡಿ ಮಗೂನ’ ಎನ್ನುತ್ತಿದ್ದರು. ಮತ್ತೆ ಎಲ್ಲ ಬಿಚ್ಚಬೇಕು, ಲೇತಿನವರು ಹೋಗಿಯಾಗಿದೆ, ಅಪ್ಪ ಉಸಾರು ಎಂದು ಹೇಳಿದ್ದೇ ಆ ಸ್ಟಡ್ಡಿನ ಬಗ್ಗೆ. ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಆಗ ಯೋಚಿಸಲು ಬೇಕಾದಷ್ಟು ಹೊತ್ತು ಹಿಡಿಯಲೇ ಇಲ್ಲ.

‘ಆಯ್ತಪ್ಪ’ ಎಂದೆ.

ಸ್ಟಾರ್ಟ್ ಮಾಡಿದರು. ಸದ್ದು ಹೋಗಿತ್ತು. ವ್ಯಾನಿನಣ್ಣ ಕೈಮುಗಿದು ಹೊರಟರು.

ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಚಾಲಕನ ಪಕ್ಕದ ಸೀಟಿನಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಮಕ್ಕಳನ್ನು ಕೂರಿಸುತ್ತಾರೆ, ಬ್ಯಾಗುಗಳ ಸಮೇತ. ಮ್ಯಾನಿಫೋಲ್ಡಿನಲ್ಲಿ ಸೋರುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನ್ಯಾಯವಾಗಿ ಹೇಳುವುದಾದರೆ, ಒಂದು ತುದಿಯಲ್ಲಿ ಒಂಚೂರು ಸೋರಿದರೆ, ಕಿಟಕಿ ತೆರೆದು ಓಡುವ ಗಾಡಿಯಲ್ಲಿ, ಪ್ರಾಣಕ್ಕೆ ಬರುವಂಥದ್ದೇನೂ ಆಗಲಿಕ್ಕಿಲ್ಲ. ತಲೆನೋವು ಬರಬಹುದು. ಶಾಲೆಗೆ ಹೋಗುವ ಮಗು ತಲೆನೋವು ಎಂದರೆ ಯಾರು ನಂಬುತ್ತಾರೆ?

ಆ ರಾತ್ರಿ ನಾನು ನನಗೇ ಹೇಳಿಕೊಂಡದ್ದು ಈ ‘ಆಗಲಿಕ್ಕಿಲ್ಲ’ವನ್ನೇ. ಮರುದಿನವೂ ಅದನ್ನೇ.

ಪ್ಲೇಟೋನ ‘ರಿಪಬ್ಲಿಕ್’ನ ಎರಡನೇ ಭಾಗದಲ್ಲಿ ಗ್ಲಾಕನ್ ಒಂದು ಉಂಗುರದ ಕತೆ ಹೇಳುತ್ತಾನೆ. ಕುರುಬನೊಬ್ಬನಿಗೆ ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ಅರಮನೆಗೆ ಹೋಗಿ, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು, ರಾಜ್ಯ ಹಿಡಿಯುತ್ತಾನೆ. ಯಾರೂ ನೋಡುವುದಿಲ್ಲ ಎಂದಾದರೆ ಯಾರು ತಾನೇ ಒಳ್ಳೆಯವರಾಗಿ ಉಳಿಯುತ್ತಾರೆ ಎಂಬುದು ಗ್ಲಾಕನ್ನನ ಪ್ರಶ್ನೆ. ನೀತಿಶಾಸ್ತ್ರದ ತರಗತಿಗಳಲ್ಲಿ ಇದನ್ನು ಹೇಳದ ಮೇಷ್ಟ್ರಿಲ್ಲ. ಆದರೆ ಆ ಕತೆಯಲ್ಲಿ ಕಾಣದಾಗುವುದು ಮನುಷ್ಯ, ಅವನು ಮಾಡಿದ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ. ರಾಜ ಸತ್ತಿದ್ದಾನೆ, ಹೆಣ ಬಿದ್ದಿದೆ. ನನ್ನ ವಿಷಯದಲ್ಲಿ ನಾನು ಎಲ್ಲರಿಗೂ ಕಾಣುತ್ತಿದ್ದೆ. ಮುಖಕ್ಕೆ ಗ್ರೀಸು ಬಳಿದುಕೊಂಡು, ‘ಮೇಸ್ತ್ರಿ ಮಗಳು ಎಷ್ಟು ಚೆನ್ನಾಗಿ ಕೆಲಸ ಮಾಡ್ತಾಳೆ’ ಎನ್ನಿಸಿಕೊಳ್ಳುತ್ತಿದ್ದೆ. ಕಾಣದೇ ಇದ್ದದ್ದು ಕೆಲಸ. ಮೆಕ್ಯಾನಿಕ್ಕು, ಗೋಡೆಯೊಳಗೆ ವೈರು ಎಳೆಯುವವರು, ಕಾಂಕ್ರೀಟಿನೊಳಗೆ ಕಂಬಿ ಕಟ್ಟುವವರು, ಹೊಲಿಗೆಯ ಒಳಮಗ್ಗುಲು ಹೊಲಿಯುವವರು, ಇವರೆಲ್ಲರ ಬೆರಳಲ್ಲೂ ಆ ಉಂಗುರ ದಿನವೂ ಇರುತ್ತದೆ. ಅವರು ರಾಣಿಯನ್ನು ಒಲಿಸಿಕೊಳ್ಳಲು ಹೋಗುವುದಿಲ್ಲ, ಎಂಟೂವರೆಗೆ ಮನೆಗೆ ಹೋಗಲು ನೋಡುತ್ತಾರೆ. ಗ್ಲಾಕನ್ನನಿಗೆ ಇಷ್ಟು ಸಣ್ಣ ಆಸೆ ಹೊಳೆದಿರಲಿಲ್ಲ.

(ಗೆಳೆಯರಿಗೆ ಇದನ್ನು ಹೇಳಿದಾಗಲೆಲ್ಲ ಪಿರ್ಸಿಗ್ ಓದಿದ್ದೀಯಾ ಎನ್ನುತ್ತಾರೆ. ಮೋಟಾರ್‌ಸೈಕಲ್ ರಿಪೇರಿಯ ಹೆಸರಿರುವ ಅವನ 1974ರ ಪುಸ್ತಕವನ್ನು ಆಮೇಲೆ ಓದಿದೆ. ಸಿಕ್ಕಿಕೊಂಡ ಒಂದು ಸ್ಕ್ರೂ ಮನುಷ್ಯನನ್ನು ಹೇಗೆ ನಿಲ್ಲಿಸಿಬಿಡುತ್ತದೆ ಎನ್ನುವುದನ್ನು ಚೆನ್ನಾಗಿ ಬರೆದಿದ್ದಾನೆ. ಆದರೆ ಅವನು ರಿಪೇರಿ ಮಾಡುವುದು ತನ್ನದೇ ಗಾಡಿಯನ್ನು. ಬೇರೆಯವರ ಗಾಡಿಯ ಕೆಳಗೆ ಮಲಗುವುದು ಬೇರೆ ಥರ.)

ನನ್ನನ್ನು ಈಗಲೂ ಕಾಡುವುದು ಆ ಕಾಲು ಸುತ್ತನ್ನು ಹಾಕಿದ್ದು ಕಾಳಜಿಯಿಂದ ಎಂಬುದು. ಸೋಮಾರಿತನದಿಂದ ಸಡಿಲ ಬಿಟ್ಟಿದ್ದರೆ ಬೈದುಕೊಳ್ಳುವುದು ಸುಲಭವಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕತೆ ನಮಗೆಲ್ಲ ಗೊತ್ತು. ಚಿಕ್ಕಂದಿನಲ್ಲಿ ನನಗೆ ಲಕ್ಕಮ್ಮ ತುಂಬ ಕಠಿಣ ಅನ್ನಿಸುತ್ತಿದ್ದಳು. ಮಾರಯ್ಯ ಕದ್ದಿಲ್ಲವಲ್ಲ, ನಾಳೆಗಿರಲಿ ಎಂದು ತಂದಿದ್ದಾನೆ. ‘ಇರಲಿ’ ಎಂಬ ಮಾತಿನೊಳಗೆ ಏನಿದೆ ಎಂದು ಲಕ್ಕಮ್ಮ ಕಂಡಿದ್ದಳು ಅನ್ನಿಸುತ್ತದೆ ಈಗ. ನನ್ನ ‘ಇರಲಿ’ಯಲ್ಲಿ ಮಕ್ಕಳ ಮೇಲಿನ ಕಾಳಜಿಗಿಂತ ನನ್ನ ಭಯವನ್ನು ಕಳೆದುಕೊಳ್ಳುವ ಆಸೆ ಹೆಚ್ಚಿತ್ತು. ಕೈ ಸಾಕು ಎಂದಿತ್ತು. ಸಾಕು ಎಂಬುದನ್ನು ನಂಬುವ ಧೈರ್ಯ ನನಗಿರಲಿಲ್ಲ.

ಒಂಬತ್ತು ದಿನ ಕಳೆಯಿತು. ವ್ಯಾನು ನಮ್ಮ ಬೀದಿಗೂ ಬರುತ್ತಿತ್ತು, ಎದುರು ಮನೆಯ ಹುಡುಗಿಯನ್ನು ಹತ್ತಿಸಿಕೊಳ್ಳಲು. ನಾನು ಕಿಟಕಿಯ ಹತ್ತಿರ ನಿಂತು ಕಿವಿ ಕೊಡುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ. ಅದಕ್ಕೆ ಕಾರಣವೂ ನನಗೆ ಗೊತ್ತಿತ್ತು. ಮ್ಯಾನಿಫೋಲ್ಡ್ ಸಣ್ಣಗೆ ಸೋರುತ್ತಿದ್ದರೆ ಎಂಜಿನ್ ತಣ್ಣಗಿರುವಾಗ ಟಿಕ್ ಟಿಕ್ ಎನ್ನುತ್ತದೆ, ಕಾದಂತೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಂಡು ಸದ್ದು ಅಡಗುತ್ತದೆ. ನಮ್ಮ ಬೀದಿಗೆ ಬರುವ ಹೊತ್ತಿಗೆ ಗಾಡಿ ಕಾದಿರುತ್ತಿತ್ತು. ತಪ್ಪು ತಾನಾಗಿ ಕೇಳಬೇಕಾದರೆ ಅದು ಏಳುವ ಹೊತ್ತಿಗೆ ಅಲ್ಲಿರಬೇಕು.

ಆರನೇ ದಿನ ಹಾಲು ತರುವ ನೆಪದಲ್ಲಿ ಆರೂವರೆಗೆ ಅವರ ಮನೆಯ ಬೀದಿಗೆ ಹೋದೆ. ತಡವಾಗಿತ್ತು, ಆಗಲೇ ಸ್ಟಾರ್ಟ್ ಆಗಿತ್ತು. ಆಮೇಲೆ ಭಾನುವಾರ, ಸೋಮವಾರ ರಾಜ್ಯೋತ್ಸವದ ರಜೆ. ಮಂಗಳವಾರ ಇನ್ನೂ ಬೇಗ ಹೋಗಿ ಮೂಲೆಯ ಅಂಗಡಿಯ ಕಟ್ಟೆಯ ಮೇಲೆ ಕೂತೆ. ವ್ಯಾನಿನಣ್ಣ ಬಂದರು, ಗಾಜು ಒರೆಸಿದರು, ಡ್ಯಾಶ್‌ಬೋರ್ಡಿನ ಮೇಲಿನ ದೇವರಿಗೆ ಕೈಮುಗಿದು ಕೀ ತಿರುಗಿಸಿದರು. ಟಿಕ್, ಟಿಕ್, ಟಿಕ್. ತೀರ ಸಣ್ಣಗೆ. ಗೊತ್ತಿಲ್ಲದವರಿಗೆ ಗಡಿಯಾರದ ಹಾಗೆ ಹಿತವಾಗಿ ಕೇಳುವ ಸದ್ದು. ಒಂದೆರಡು ನಿಮಿಷದಲ್ಲಿ ನಿಂತೇ ಹೋಯಿತು.

ಅವತ್ತು ಸಂಜೆ ಅಪ್ಪನಿಗೆ ಹೇಳಿದೆ.

ಅವರು ಕೈ ಒರೆಸಿಕೊಳ್ಳುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. ‘ಎಷ್ಟ್ ದಿನ ಸ್ಕೂಲ್ ನಡೀತು?’ ಎಂದರು. ಏಳು ದಿನ ಎಂದೆ. ‘ಏಳೆರ್ಡ್ಲ ಅದಿನಾಲ್ಕು ಟ್ರಿಪ್ಪು’ ಎಂದರು. ಆಮೇಲೆ, ‘ಮರೆ ನಂಗೂ ಕಿತ್ತದೆ, ಎಷ್ಟೋ ಸಲ. ಅದಕ್ಕಲ್ಲ. ಆಯ್ತು ಅಂದ್ಯಲ್ಲ.’ ಅಷ್ಟು ಹೇಳಿ ಫೋನ್ ತೆಗೆದರು.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇಬ್ಬರೂ ‘ಮಾರಲ್ ಲಕ್’ ಎಂಬ ಒಂದೇ ತಲೆಬರಹದಲ್ಲಿ ಒಂದೊಂದು ಪ್ರಬಂಧ ಮಂಡಿಸಿದರು. ನೈತಿಕ ಅದೃಷ್ಟ ಎನ್ನೋಣ. ನೇಗಲ್ ಕೊಡುವ ಒಂದು ಉದಾಹರಣೆಯಲ್ಲಿ ಲಾರಿ ಚಾಲಕನೊಬ್ಬ ಬ್ರೇಕು ಪರೀಕ್ಷೆ ಮಾಡಿಸುವುದನ್ನು ಮರೆತಿದ್ದಾನೆ. ರಸ್ತೆಗೆ ಮಗುವೊಂದು ಓಡಿಬಂದರೆ ಅವನು ಜೀವಮಾನವಿಡೀ ಆ ಸಾವನ್ನು ಹೊರುತ್ತಾನೆ. ಯಾವ ಮಗುವೂ ಬರದಿದ್ದರೆ ಅಷ್ಟೇ ತಪ್ಪು ಮಾಡಿದ್ದರೂ ಊಟ ಮಾಡಿ ಮಲಗುತ್ತಾನೆ. ತಪ್ಪು ಒಂದೇ, ಹೊರೆ ಮಾತ್ರ ಬೇರೆ, ಅದನ್ನು ತೀರ್ಮಾನಿಸುವುದು ಅವನ ಕೈಯಲ್ಲಿಲ್ಲದ ಸಂಗತಿ. ನನ್ನ ಪ್ರಬಂಧದ ಮೂರನೇ ಅಧ್ಯಾಯವೆಲ್ಲ ಇದರ ಸುತ್ತಲೇ ಇದೆ. ಬರೆಯುತ್ತಾ ಬರೆಯುತ್ತಾ ಗಮನಿಸಿದೆ: ಆ ಉದಾಹರಣೆಯಲ್ಲಿ ಮೆಕ್ಯಾನಿಕ್ಕೇ ಇಲ್ಲ. ಚಾಲಕ ಬ್ರೇಕು ತೋರಿಸಿದ್ದರೆ ಅವನ ಹೊಣೆ ತೀರುತ್ತಿತ್ತು ಎಂಬ ಹಾಗಿದೆ. ವ್ಯಾನಿನಣ್ಣ ತೋರಿಸಿದ್ದರು. ಕೆಲಸಕ್ಕೆ ಹಣ ಕೊಟ್ಟಿದ್ದರು. ಏನಾದರೂ ಆಗಿದ್ದರೆ ಊರು ಬೈಯುತ್ತಿದ್ದದ್ದು ಅವರನ್ನು. ಅವರೂ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನನ್ನ ಅದೃಷ್ಟ ನನ್ನದಷ್ಟೇ ಆಗಿರಲಿಲ್ಲ, ಅವರಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ನಾನು ಹದಿನಾಲ್ಕು ಟ್ರಿಪ್ಪು ಜೂಜಾಡಿದ್ದೆ.

ಮಂಗಳವಾರ ರಾತ್ರಿ ವ್ಯಾನು ಬಂತು. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಪ್ಯಾಕಿಂಗ್ ಸರಿಯಾಗಿ ಕೂತಂಗಿಲ್ಲ, ಒಂದ್ಸಲ ನೋಡ್ಬೇಕು, ತಗಂಬಾ. ದುಡ್ಡೇನೂ ಬ್ಯಾಡ.’ ಬಿಚ್ಚಿದಾಗ ಆ ಸ್ಟಡ್ಡು ಎರಡು ಬೆರಳಿಗೆ ಎದ್ದು ಬಂತು. ಅದರ ಮರೆಯ ಸುತ್ತ ಅಲ್ಯೂಮಿನಿಯಮ್ ಬೆಳ್ಳಿಯ ಎಳೆಯಂತೆ ಸುತ್ತಿಕೊಂಡಿತ್ತು. ಪ್ಯಾಕಿಂಗಿನ ಆ ತುದಿಯಲ್ಲಿ ಮಸಿಯ ಗೆರೆ. ಲೇತ್ ಅಂಗಡಿಯವರು ಊಟ ಬಿಟ್ಟು ಬಂದರು. ತೂತನ್ನು ದೊಡ್ಡದು ಮಾಡಿ, ಹೊಸ ಮರೆ ಕೊಯ್ದು, ಅದರೊಳಗೆ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿದರು. ಹೊಸ ಸ್ಟಡ್ಡು, ಹೊಸ ಪ್ಯಾಕಿಂಗ್. ಈ ಸಲವೂ ಅಪ್ಪ ನನ್ನನ್ನೇ ಕೆಳಗೆ ಕಳಿಸಿದರು. ಬೆರಳಲ್ಲಿ ಎಲ್ಲವನ್ನೂ ತಿರುಗಿಸಿ, ನಡುವಿನಿಂದ ಶುರು ಮಾಡಿದೆ. ‘ಆಯ್ತಾ’ ಎಂದು ಅಪ್ಪ ಕೇಳಲಿಲ್ಲ. ಸೊಂಟ ಹಿಡಿದುಕೊಂಡೇ ಬಗ್ಗಿ ಒಂದೊಂದನ್ನೂ ತಾವೇ ಮುಟ್ಟಿ ನೋಡಿದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಯಿತು.

ಹೊರಡುವಾಗ ವ್ಯಾನಿನಣ್ಣ, ‘ತಾವಾಗೇ ಫೋನ್ ಮಾಡಿ ಕರ್ಸಿ, ಕಾಸಿಲ್ದೆ ಮಾಡ್ಕೊಡೋ ಮೇಸ್ತ್ರಿ ಎಲ್ಲವ್ರೆ ಈ ಕಾಲ್ದಲ್ಲಿ’ ಎಂದರು. ಅಪ್ಪ ನೆಲ ನೋಡುತ್ತಿದ್ದರು.

ಪ್ಯಾಕಿಂಗ್ ಸರಿಯಾಗಿ ಕೂತಿಲ್ಲ ಎಂಬ ಅಪ್ಪನ ಮಾತಿನಲ್ಲಿ ಒಂದೇ ಒಂದು ಅಕ್ಷರ ಸುಳ್ಳಿಲ್ಲ. ಅದು ಹುಟ್ಟಿಸಿದ ನಂಬಿಕೆ ಮಾತ್ರ ಸುಳ್ಳು. ಸುಳ್ಳೆಂದರೆ ಯಾವ ಕಾರಣಕ್ಕೂ ಕೂಡದು ಎಂದ ಕಾಂಟ್‌ನೇ ಇಂಥ ಕಡೆ ಒಮ್ಮೆ ನಿಂತಿದ್ದ. ಧರ್ಮದ ಬಗ್ಗೆ ಬರೆಯಬಾರದೆಂದು 1794ರಲ್ಲಿ ಪ್ರಷ್ಯಾದ ದೊರೆ ತಾಕೀತು ಮಾಡಿದಾಗ, ಮಹಾಪ್ರಭುಗಳ ನಿಷ್ಠಾವಂತ ಪ್ರಜೆಯಾಗಿ ಇನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟ. 1797ರಲ್ಲಿ ದೊರೆ ಸತ್ತ. ಮರುವರ್ಷ ಕಾಂಟ್ ಮತ್ತೆ ಅದೇ ವಿಷಯ ಬರೆದ, ತಾನು ಮಾತು ಕೊಟ್ಟದ್ದು ಆ ದೊರೆಯ ಪ್ರಜೆಯಾಗಿ ಮಾತ್ರ, ಪದಗಳನ್ನು ಬೇಕೆಂದೇ ಹಾಗೆ ಆರಿಸಿದ್ದೆ ಎಂದು ಮುನ್ನುಡಿಯಲ್ಲಿ ವಿವರಿಸಿದ. ಇದನ್ನು ಓದಿದಾಗ ನನಗೆ ಅಪ್ಪನ ಬಗ್ಗೆ ಸ್ವಲ್ಪ ಸಮಾಧಾನವಾಯಿತು, ಕಾಂಟ್‌ನ ಬಗ್ಗೆ ಸ್ವಲ್ಪ ಕಡಿಮೆಯಾಯಿತು.

ಅಪ್ಪನನ್ನು ಕೇಳಿದೆ, ಯಾಕೆ ಪೂರ್ತಿ ಹೇಳಲಿಲ್ಲ ಎಂದು. ‘ಏಳಿದ್ರೆ ಅವ್ನೇನ್ ಮಾಡ್ಬೇಕು? ಮಕ್ಳ ಅಪ್ಪ ಅಮ್ಮಂದ್ರಿಗೆಲ್ಲ ಏಳ್ಬೇಕಾ? ಒಂದೂವರೆ ವರ್ಸದ ಮೇಲೆ ಅನ್ನ ಕಾಣ್ತಾವ್ನೆ’ ಎಂದರು. ಇದು ನೆಪವೂ ಹೌದು, ಕಾರಣವೂ ಹೌದು. ಸತ್ಯ ಹೇಳಿದರೆ ನನ್ನ ಹೊರೆ ಇಳಿದು ಅವರ ಹೆಗಲೇರುತ್ತದೆ ಎಂದು ಅಪ್ಪ ಕಂಡಿದ್ದರು. ಗ್ಯಾರೇಜಿನ ಹೆಸರೂ ಅವರ ಮನಸ್ಸಿನಲ್ಲಿ ಇದ್ದೇ ಇತ್ತು. ಎರಡನ್ನೂ ತೂಕಕ್ಕಿಟ್ಟು ಯಾವುದೆಷ್ಟು ಎಂದು ಹೇಳುವುದು ನನ್ನಿಂದಾಗದು, ಬಹುಶಃ ಅವರಿಂದಲೂ ಆಗದು.

ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಕೆಲವು ಸಲ ಕಾದು ತಣಿದ ನಂತರ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಪ್ಯಾಕಿಂಗ್ ಒತ್ತಿ ಕೂತು ಬಿಗಿ ಸ್ವಲ್ಪ ಇಳಿದಿರುತ್ತದೆ. ತಣ್ಣಗಿದ್ದಾಗಲೇ ನೋಡಬೇಕು. ದೀಪಾವಳಿ ಕಳೆದು ಒಂದು ಭಾನುವಾರ ಬೆಳಿಗ್ಗೆ ನಾನೇ ಸಾಕೆಟ್ ಸೆಟ್ ಹಿಡಿದು ಅವರ ಮನೆಗೆ ಹೋದೆ. ಅಪ್ಪನಿಗೆ ಹೇಳಿ ಹೋದೆ, ಯಾತಕ್ಕೆ ಎಂದು ಮಾತ್ರ ಪೂರ್ತಿ ಹೇಳಲಿಲ್ಲ. ವ್ಯಾನಿನಣ್ಣ ಮೊಬೈಲ್ ಟಾರ್ಚ್ ಹಿಡಿದುಕೊಂಡರು. ಕೆಳಗೆ ಮಲಗಿ, ನಟ್ಟುಗಳನ್ನು ನೋಡುತ್ತಾ, ಮುಖ ಕಾಣದ ಅನುಕೂಲದಲ್ಲಿ ಎಲ್ಲ ಹೇಳಿದೆ. ಕಿತ್ತದ್ದು, ಗೊತ್ತಾದದ್ದು, ಆಯ್ತು ಎಂದದ್ದು, ಅಂಗಡಿ ಕಟ್ಟೆಯ ಮೇಲೆ ಕೂತದ್ದು.

ಟಾರ್ಚಿನ ಬೆಳಕು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ನನ್ ಮಗ್ಳೂ ಅದ್ರಲ್ಲೇ ಕೂರೋದು ಕಣವ್ವ, ಮುಂದ್ಗಡೆ’ ಎಂದರು.

‘ಗೊತ್ತಣ್ಣ’ ಎಂದೆ.

ನಾನು ಎದ್ದು ಮಣ್ಣು ಕೊಡವಿಕೊಂಡಾಗ ಅವರ ಹೆಂಡತಿ ಕಾಫಿ ತಂದುಕೊಟ್ಟರು. ಅವರಿಗೇನೂ ಗೊತ್ತಿರಲಿಲ್ಲ. ಕುಡಿದೆ. ವ್ಯಾನಿನಣ್ಣ ಒಳಗೆ ಹೋಗಿದ್ದವರು ಹೊರಗೆ ಬರಲಿಲ್ಲ.

ಮುಂದಿನ ಸರ್ವಿಸಿಗೆ ವ್ಯಾನು ನಮ್ಮಲ್ಲಿಗೆ ಬರಲಿಲ್ಲ. ಅವರ ಜೊತೆಯ ಇನ್ನೆರಡು ವ್ಯಾನುಗಳೂ ಬರಲಿಲ್ಲ. ಅಪ್ಪ ಒಂದು ದಿನ ಊಟ ಮಾಡುತ್ತಾ ‘ಏಳ್ದಾ?’ ಎಂದು ಕೇಳಿದರು. ಹ್ಞೂಂ ಎಂದೆ. ‘ಸರಿ’ ಎಂದು ಸಾರು ಹಾಕಿಸಿಕೊಂಡರು. ಆ ‘ಸರಿ’ ಯಾವ ಬಗೆಯದು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಫೆಲೋಶಿಪ್ಪಿನ ಮೊದಲ ಕಂತು ಬಂದಾಗ ಸಂದಿಗೆ ಹೋಗುವಂಥ ಸಣ್ಣ ಟಾರ್ಕ್ ರೆಂಚ್ ತಂದುಕೊಟ್ಟೆ. ಅದನ್ನು ಅಪ್ಪ ಬಳಸುತ್ತಾರೆ, ಕೈಯಲ್ಲಿ ಬಿಗಿದಾದ ಮೇಲೆ, ಕೈ ಸರಿಯಿದೆಯೇ ಎಂದು ನೋಡಲು.

ಕಳೆದ ತಿಂಗಳು ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರ ವ್ಯಾನಿನಣ್ಣ ಸಿಕ್ಕಿದರು. ಓಮ್ನಿ ಅದೇ, ಬಣ್ಣ ಹೊಸದು. ನಾನು ನಿಲ್ಲುವುದೋ ಹೋಗುವುದೋ ಎಂದು ನೋಡುತ್ತಿದ್ದಾಗ ಅವರೇ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

‘ಏನವ್ವ, ಓದು ಮುಗೀತಾ?’

‘ಇಲ್ಲಣ್ಣ’ ಎಂದೆ. ‘ಒಂದು ಅಧ್ಯಾಯ ಇನ್ನೂ ಸರಿಯಾಗಿ ಕೂತಿಲ್ಲ.’

ಅವರು ತಲೆಯಾಡಿಸಿ ಕೀ ತಿರುಗಿಸಿದರು. ಗಾಡಿ ತಣ್ಣಗಿತ್ತು. ನಾನು ಕಿವಿ ಕೊಟ್ಟೆ.